ಗುಡಿ ಉಳೀತು, ಕೋಟೆ ಎಲ್ಲಿಗೆ ಹೋಯ್ತು? ಬೇಗೂರಿನ ಮಣ್ಣಿನ ಲೆಕ್ಕ

ಸಿಲ್ಕ್ ಬೋರ್ಡ್ ಜಾಮ್ ದಾಟಿ ಹೊಸೂರು ರಸ್ತೆಯಲ್ಲಿ ಬಂದು, ಬೊಮ್ಮನಹಳ್ಳಿಯಲ್ಲಿ ಬಲಕ್ಕೆ ತಿರುಗಿದರೆ ಬೇಗೂರು ರಸ್ತೆ. ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುವ ಎಷ್ಟೋ ಜನರ ಪಿಜಿ, ಬಾಡಿಗೆ ಮನೆ ಎಲ್ಲ ಇಲ್ಲೇ. ನಾನೂ ಕಂಪನಿ ಕೆಲಸದಲ್ಲಿದ್ದಾಗ ಎರಡು ವರ್ಷ ಇಲ್ಲಿದ್ದೆ. ಆಗ ಬೇಗೂರು ಅಂದರೆ ನನಗೆ ಗೊತ್ತಿದ್ದದ್ದು ಎರಡೇ: ಬಾಡಿಗೆ ಸ್ವಲ್ಪ ಕಡಿಮೆ, ನೀರಿನ ಟ್ಯಾಂಕರ್ ಸ್ವಲ್ಪ ಜಾಸ್ತಿ. ಒಂದು ಭಾನುವಾರ ಚಹಾ ಅಂಗಡಿಯ ಯಜಮಾನರು, "ಕೋಟೆ ನೋಡಿದ್ಯೇನಪ್ಪ?" ಅಂತ ಕೇಳಿದರು. ಹುಡುಕಿಕೊಂಡು ಹೋದೆ. ಸಿಕ್ಕಿದ್ದು ಒಂದು ಮಣ್ಣಿನ ದಿಬ್ಬ, ಅಲ್ಲಲ್ಲಿ ಕಲ್ಲು, ಗಿಡಗಂಟಿ, ಕಾಶಿ ವಿಶ್ವೇಶ್ವರನ ಗುಡಿ. ಕೋಟೆ ಎಲ್ಲಿ ಅಂತ ಅಲ್ಲಿದ್ದ ಒಬ್ಬರನ್ನ ಕೇಳಿದರೆ, "ನೀನು ನಿಂತಿರೋದೇ ಕೋಟೆ" ಅಂದರು.

ಅಲ್ಲಿಂದ ಸ್ವಲ್ಪ ದೂರದಲ್ಲೇ ನಾಗೇಶ್ವರ ದೇವಸ್ಥಾನ. ಗಂಗರ ಕಾಲದ್ದು, ಸಾವಿರ ವರ್ಷ ಮೀರಿದ್ದು. ದೀಪ ಉರೀತಿದೆ, ಪೂಜೆ ನಡೀತಿದೆ, ಗೋಪುರಗಳು ಹೊಸದಾಗಿ ಎದ್ದಿವೆ. ಗುಡಿ ಉಳೀತು, ಕೋಟೆ ಹೋಯ್ತು. ಯಾಕೆ? ಭಕ್ತಿ ಜಾಸ್ತಿ ಇತ್ತು, ಇತಿಹಾಸಪ್ರಜ್ಞೆ ಕಡಿಮೆ ಇತ್ತು ಅನ್ನೋದು ನಮಗೆ ಸುಲಭದ ಉತ್ತರ. ಅದು ತಪ್ಪು ಉತ್ತರ ಕೂಡ. ಕೋಟೆ ಮಾಯವಾಗೋದಕ್ಕೆ ಮಣ್ಣಿನ ಕಾರಣ ಇದೆ, ಕಾಗದದ ಕಾರಣವೂ ಇದೆ.

ಬೆಂಗಳೂರಿನ ಹೆಸರು ಇಲ್ಲಿದೆ

ಮೊದಲು ಬೇಗೂರು ಯಾಕೆ ಮುಖ್ಯ ಅಂತ ನೋಡೋಣ. ರಾಜನಿಗೆ ಅಜ್ಜಿ ಬೆಂದ ಕಾಳು ಕೊಟ್ಟಳು, ಅದರಿಂದ ಬೆಂಗಳೂರು ಅನ್ನೋ ಕತೆ ಎಲ್ಲರಿಗೂ ಗೊತ್ತು. ಕತೆ ಚೆನ್ನಾಗಿದೆ, ಆದರೆ ಲೆಕ್ಕ ಕೂಡಲ್ಲ. ಕತೆಯ ರಾಜ ಹೊಯ್ಸಳ ಬಲ್ಲಾಳ. ಅವನಿಗಿಂತ ಸುಮಾರು 300 ವರ್ಷ ಮೊದಲೇ, ಕ್ರಿ.ಶ. 890ರ ಆಸುಪಾಸಿನ ಬೇಗೂರಿನ ಶಾಸನವೊಂದು ಬೆಂಗಳೂರಿನಲ್ಲಿ ನಡೆದ ಕಾಳಗದಲ್ಲಿ ಸತ್ತವರನ್ನ ನೆನೆಯುತ್ತದೆ. ಬೆಂಗಳೂರು ಅನ್ನೋ ಊರಿನ ಹೆಸರು ನಮಗೆ ಮೊದಲು ಸಿಗೋದು ಒಂದು ಸಾವಿನ ಸುದ್ದಿಯಲ್ಲಿ. ಅದನ್ನ ಪತ್ತೆ ಮಾಡಿದವರು ಆಗಿನ ಮೈಸೂರು ಪುರಾತತ್ವ ಇಲಾಖೆಯ ಮುಖ್ಯಸ್ಥ ಆರ್. ನರಸಿಂಹಾಚಾರ್.

ಆ ಶಾಸನದಲ್ಲಿ ಬರುವ ದೊಡ್ಡ ಹೆಸರು ನಾಗತ್ತರ. ಗಂಗರ ಕೈಕೆಳಗಿನ ಅಧಿಕಾರಿ, ಈ ಸೀಮೆಯನ್ನ ನೋಡಿಕೊಂಡವನು. ಅವನ ಕೊನೆ ಹೇಗಾಯ್ತು ಅಂತ ಇನ್ನೊಂದು ಕಲ್ಲು ಹೇಳುತ್ತೆ. ಅದೇ ಪ್ರಸಿದ್ಧ ಬೇಗೂರು ವೀರಗಲ್ಲು, ಈಗ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಗಂಗ ಅರಸ ಎರೆಯಪ್ಪ, ವೀರಮಹೇಂದ್ರನ ವಿರುದ್ಧ ಕಾದಾಡಲು ಅಯ್ಯಪದೇವನ ನೆರವಿಗೆ ನಾಗತ್ತರನನ್ನ ಸೈನ್ಯದ ಜೊತೆ ಕಳಿಸುತ್ತಾನೆ. ತುಂಬೆಪಾಡಿಯ ಯುದ್ಧದಲ್ಲಿ ನಾಗತ್ತರ ಸಾಯುತ್ತಾನೆ. ಸುದ್ದಿ ಕೇಳಿದ ಅರಸ ನಾಗತ್ತರನ ಪಟ್ಟವನ್ನ ಇರುಗ ಎಂಬವನಿಗೆ ಕಟ್ಟಿ, ಬೆಂಪೂರು-12 ಅನ್ನೋ ಹನ್ನೆರಡು ಹಳ್ಳಿಗಳ ಆಡಳಿತ ಕೊಡುತ್ತಾನೆ. ಬೆಂಪೂರು ಅಂದರೆ ಇದೇ ಬೇಗೂರು. ಕಲ್ಲಿನ ತುಂಬ ಆನೆ, ಕುದುರೆ, ಬಿದ್ದ ಸೈನಿಕರು. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಇಷ್ಟು ಗಿಜಿಗುಡುವ ಯುದ್ಧದ ಚಿತ್ರ ಅಪರೂಪ.

ಇನ್ನೊಂದು ಶಾಸನ ನಾಗತ್ತರನ ಮಗಳು ತೊಂಡಬ್ಬೆ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟಿದ್ದನ್ನ ದಾಖಲಿಸುತ್ತದೆ. ಅದು ಜೈನರ ವ್ರತ. ಶಿವನ ಗುಡಿಯ ಊರಿನಲ್ಲಿ, ಆಳುವವನ ಮನೆಯಲ್ಲೇ ಜೈನ ವ್ರತ. ಯಾವ ಧರ್ಮದ ಊರು ಯಾರದ್ದು ಅಂತ ಈಗ ಫೇಸ್‌ಬುಕ್ಕಲ್ಲಿ ಜಗಳ ಆಡುವವರು ಈ ಮನೆಯೊಳಗೆ ಒಂದು ದಿನ ಕೂತು ಬಂದಿದ್ದರೆ ಚೆನ್ನಾಗಿತ್ತು.

ಆದರೆ ಆ ಮನೆಯೇ ಇಲ್ಲವಲ್ಲ. ನಾಗತ್ತರ ಎಲ್ಲಿ ಮಲಗಿದ, ತೊಂಡಬ್ಬೆಯ ಗುರುಗಳು ಎಲ್ಲಿ ತಂಗಿದ್ದರು, ಹನ್ನೆರಡು ಹಳ್ಳಿಯ ಕಂದಾಯ ಯಾವ ಜಗುಲಿಯ ಮೇಲೆ ಎಣಿಸಿದರು? ಅವರು ಕೊಟ್ಟ ದಾನ, ಅವರ ಸಾವು ಎಲ್ಲ ಕಲ್ಲಿನ ಮೇಲಿದೆ. ಅವರು ಬದುಕಿದ ಜಾಗ ಇಲ್ಲ.

ದೇವರಿಗೆ ಕಲ್ಲು, ಅರಸನಿಗೆ ಮಣ್ಣು

ಇದು ಬೇಗೂರೊಂದರ ಕತೆ ಅಲ್ಲ. ನಗರದ ಹೊರಗಿನ ಕೈಗಾರಿಕಾ ಪಟ್ಟಿಗಳಲ್ಲಿ ಒಂದು ಸುತ್ತು ಹಾಕಿ. ವೈಟ್‌ಫೀಲ್ಡ್ ದಾಟಿದರೆ ಹೊಸಕೋಟೆ. ಹೆಸರಲ್ಲೇ ಕೋಟೆ ಇದೆ. ಸುಗಟೂರಿನ ತಮ್ಮೇಗೌಡರು 16ನೇ ಶತಮಾನದ ಕೊನೆಯಲ್ಲಿ ಕಟ್ಟಿಸಿದ್ದು. ಅವಿಮುಕ್ತೇಶ್ವರ ದೇವಸ್ಥಾನ ಇದೆ, ದೊಡ್ಡ ಕೆರೆ ಇದೆ, ಕೋಟೆ ಹುಡುಕಬೇಕು. ಪೀಣ್ಯದಿಂದ ತುಮಕೂರು ರಸ್ತೆ ಹಿಡಿದು ನೆಲಮಂಗಲ ದಾಟಿ ತ್ಯಾಮಗೊಂಡ್ಲು ಕಡೆ ಹೋದರೆ ಮಣ್ಣೆ ಸಿಗುತ್ತೆ. ಇವತ್ತು ಹಳ್ಳಿ. 8ನೇ ಶತಮಾನದಲ್ಲಿ, ಗಂಗ ಶ್ರೀಪುರುಷನ ಕಾಲದಲ್ಲಿ, ಅದು ಮಾನ್ಯಪುರ: ರಾಜ ಇದ್ದ ಊರು. ಅಲ್ಲಿ ಸಿಕ್ಕ 797ರ ತಾಮ್ರಪಟ ಗಂಗರ ದಂಡನಾಯಕ ಶ್ರೀವಿಜಯ ಒಂದು ಜಿನಾಲಯ ಕಟ್ಟಿಸಿದ್ದನ್ನ ಹೇಳುತ್ತೆ. ಮಣ್ಣೆಯಲ್ಲಿ ಇವತ್ತೂ ಶಿಥಿಲವಾದ ಕಲ್ಲಿನ ಗುಡಿಗಳು ನಿಂತಿವೆ. ರಾಜ ಇದ್ದ ಅರಮನೆಯ ಒಂದು ಗೋಡೆಯೂ ಇಲ್ಲ.

ಹಂಪಿಗೆ ಹೋದವರು ಗಮನಿಸಿರಬಹುದು. ವಿರೂಪಾಕ್ಷ, ವಿಠ್ಠಲ ಗುಡಿಗಳು ತಲೆಯೆತ್ತಿ ನಿಂತಿವೆ. ಅರಮನೆ ಅಂತ ಗೈಡ್ ತೋರಿಸೋದು ಬರೀ ಕಲ್ಲಿನ ಜಗಲಿ. ಅದರ ಮೇಲಿದ್ದ ಮರದ ಕಂಬ, ಮರದ ಮಾಳಿಗೆ ಉರಿದೋ ಕೊಳೆತೋ ಹೋಗಿವೆ. ವಿಜಯನಗರದ ಸಾಮ್ರಾಟನ ಗತಿಯೇ ಹೀಗಾದರೆ ಬೇಗೂರಿನ ಅಧಿಕಾರಿಯ ಮನೆಯ ಬಗ್ಗೆ ಕೇಳೋದೇ ಬೇಡ.

ನಮ್ಮಲ್ಲಿ ಕಲ್ಲು ಹೆಚ್ಚಾಗಿ ದೇವರಿಗೆ ಮೀಸಲು. ಆಳುವವರ ಮನೆಗೆ ಮಣ್ಣು, ಇಟ್ಟಿಗೆ, ಮರ, ಹೆಂಚು. ಮಣ್ಣಿನ ಗೋಡೆ ಅಂದರೆ ಕೀಳು ಅಂದುಕೊಳ್ಳಬೇಡಿ. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ, ಮುರಿದರೆ ನಾಳೆಯೇ ಕಟ್ಟಬಹುದು. ಫಿರಂಗಿ ಬಂದ ಮೇಲಂತೂ ದಪ್ಪ ಮಣ್ಣಿನ ಗೋಡೆಗೆ ಇನ್ನೂ ಬೆಲೆ ಬಂತು. ಕಲ್ಲು ಸೀಳುತ್ತೆ, ಮಣ್ಣು ಗುಂಡನ್ನ ನುಂಗುತ್ತೆ.

ಈಗ ನನ್ನ ಹಳೇ ಸಿವಿಲ್ ಇಂಜಿನಿಯರಿಂಗ್ ಡಿಗ್ರಿಗೆ ಸ್ವಲ್ಪ ಕೆಲಸ ಕೊಡ್ತೀನಿ, ತಡ್ಕೊಳ್ಳಿ. ಮಣ್ಣಿನ ಕೋಟೆಗೆ ಮಣ್ಣು ಎಲ್ಲಿಂದ ತರ್ತಾರೆ? ದೂರದಿಂದಲ್ಲ. ಗೋಡೆಯ ಪಕ್ಕದಲ್ಲೇ ಅಗೀತಾರೆ. ಅಗೆದ ಗುಂಡಿ ಕಂದಕ ಆಗುತ್ತೆ, ತೆಗೆದ ಮಣ್ಣು ಗೋಡೆ ಆಗುತ್ತೆ. ಒಂದೇ ಕೆಲಸ, ಎರಡು ರಕ್ಷಣೆ. ಬರೀ ಉದಾಹರಣೆಗೆ ಒಂದು ಲೆಕ್ಕ: ಕಂದಕ 6 ಮೀಟರ್ ಅಗಲ, 3 ಮೀಟರ್ ಆಳ ಅಂದುಕೊಳ್ಳಿ. ಪ್ರತಿ ಮೀಟರ್ ಉದ್ದಕ್ಕೆ 18 ಘನ ಮೀಟರ್ ಮಣ್ಣು. ಆ ಮಣ್ಣಲ್ಲಿ ಬುಡ 6 ಮೀಟರ್, ತಲೆ 2 ಮೀಟರ್ ಇರೋ ಗೋಡೆ ಕಟ್ಟಿದರೆ ನಾಲ್ಕೂವರೆ ಮೀಟರ್ ಎತ್ತರ ಬರುತ್ತೆ. ಆಳ ಮತ್ತು ಎತ್ತರ ಸೇರಿ ಏಳೂವರೆ ಮೀಟರ್. ಹೊರಗಿಂದ ಬರೋ ಶತ್ರು ಎರಡೂವರೆ ಅಂತಸ್ತಿನಷ್ಟು ಹತ್ತಬೇಕು. ಸುತ್ತಳತೆ 500 ಮೀಟರ್ ಆದರೆ ಒಟ್ಟು 9000 ಘನ ಮೀಟರ್. ಇದನ್ನ ಹಾರೆ, ಸಲಿಕೆ, ಮಂಕರಿ ಹಿಡಿದು ಹೊತ್ತವರು ಯಾರು? ಅವರ ಹೆಸರು ಯಾವ ಕಲ್ಲಿನ ಮೇಲೂ ಬರಲ್ಲ. ಶಾಸನಗಳಲ್ಲಿ ತೆರಿಗೆಗಳ ಜೊತೆಗೆ 'ಬಿಟ್ಟಿ' ಅಂತ ಒಂದು ಪದ ಬರುತ್ತೆ: ಕೂಲಿ ಇಲ್ಲದೆ ಮಾಡಲೇಬೇಕಾದ ಚಾಕರಿ. ನಾವು ಇವತ್ತು 'ಬಿಟ್ಟಿ ಸಿಕ್ತು' ಅಂತ ಖುಷಿಯಲ್ಲಿ ಹೇಳೋದು ಇದೇ ಪದವನ್ನ.

ಇದೇ ಲೆಕ್ಕವನ್ನ ತಿರುಗಿಸಿ ನೋಡಿ. ಗೋಡೆಯನ್ನ ಮತ್ತೆ ಕಂದಕಕ್ಕೆ ತಳ್ಳಿದರೆ ಏನು ಉಳಿಯುತ್ತೆ? ಸಮತಟ್ಟು ನೆಲ. ಕಲ್ಲಿನ ಕೋಟೆ ಬಿದ್ದರೆ ಕಲ್ಲಾದರೂ ರಾಶಿ ಬಿದ್ದಿರುತ್ತೆ. ಮಣ್ಣಿನ ಕೋಟೆ ತಾನು ಹುಟ್ಟಿದ ಗುಂಡಿಗೇ ಹೋಗಿ ಮಲಗುತ್ತೆ. ವರ್ಷಾ ವರ್ಷಾ ಮಳೆಗಾಲಕ್ಕೆ ಮೊದಲು ಗೋಡೆಯ ತಲೆ ಮುಚ್ಚಿ, ಕೊರಕಲು ತುಂಬಿ, ಮೆತ್ತಬೇಕು. ಪಾಳೇಗಾರಿಕೆ ಮುಗಿದ ದಿನವೇ ಆ ಕೆಲಸ ಮಾಡಿಸೋರು ಇಲ್ಲವಾದರು. ಮಳೆ ನಿಧಾನಕ್ಕೆ ಮಾಡಿದ್ದನ್ನ ಈಗಿನ ಜೆಸಿಬಿ ಕೆಲವೇ ದಿನದಲ್ಲಿ ಮುಗಿಸುತ್ತೆ. ಟಿಪ್ಪರ್ ಒಂದಕ್ಕೆ 10 ಘನ ಮೀಟರ್ ಅಂತ ಹಿಡಿದರೂ ನಮ್ಮ ಲೆಕ್ಕದ ಕೋಟೆ ಬರೀ 900 ಲೋಡು.

ಗುರುಗಳ ಮನೆಯೂ ಹೋಯ್ತು

ಅರಸರದ್ದು ಬಿಡಿ, ಧರ್ಮಗುರುಗಳ ಕಟ್ಟಡವಾದರೂ ಉಳಿಯಬೇಕಿತ್ತಲ್ಲ ಅನ್ನಬಹುದು. ಅದಕ್ಕೆ ಬೆಂಗಳೂರು ಬಿಟ್ಟು ಶಿಕಾರಿಪುರ ತಾಲೂಕಿನ ಬಳ್ಳಿಗಾವಿಗೆ ಹೋಗಬೇಕು, ಅಲ್ಲಮಪ್ರಭುವಿನ ಊರಿಗೆ. 11-12ನೇ ಶತಮಾನದಲ್ಲಿ ಅಲ್ಲಿನ ಕೋಡಿಯ ಮಠ, ಅಂದರೆ ಕೆರೆ ಕೋಡಿಯ ಪಕ್ಕದ ಮಠ, ಕಾಳಾಮುಖ ಯತಿಗಳ ದೊಡ್ಡ ಪೀಠ. ಅದರ ಮುಖ್ಯಸ್ಥರು ರಾಜಗುರುಗಳು. ಯುರೋಪಿನಲ್ಲಿ ಬಿಷಪ್ಪನ ಅರಮನೆಗೆ ಇದ್ದ ಗತ್ತು ಇಲ್ಲಿ ಇಂಥ ಮಠಗಳಿಗಿತ್ತು. ಬಿಜ್ಜಳನ ಕಾಲದ 1162ರ ಶಾಸನ ಆ ಮಠದಲ್ಲಿ ಏನೇನು ನಡೀತಿತ್ತು ಅಂತ ಉದ್ದದ ಪಟ್ಟಿ ಕೊಡುತ್ತೆ: ನಾಲ್ಕು ವೇದ, ಪಾಣಿನಿಯ ಜೊತೆಗೆ ಬೇರೆ ಬೇರೆ ವ್ಯಾಕರಣಗಳು, ದರ್ಶನಗಳು, ಪುರಾಣ, ನಾಟಕ. ಅಷ್ಟೇ ಅಲ್ಲ, ಬಡವರು, ಕುಂಟರು, ಕುರುಡರು, ಕಿವುಡರಿಗೆ ಊಟ, ರೋಗಿಗಳಿಗೆ ಚಿಕಿತ್ಸೆ, ಬೇರೆ ಪಂಥದ ಸನ್ಯಾಸಿಗಳಿಗೂ ಜಾಗ, ಎಲ್ಲ ಜೀವಿಗಳಿಗೂ ಅಭಯ. ಯೂನಿವರ್ಸಿಟಿ, ಆಸ್ಪತ್ರೆ, ಅನ್ನಛತ್ರ ಮೂರೂ ಒಂದರಲ್ಲೇ.

ಕೇದಾರೇಶ್ವರನ ಗುಡಿ ಇವತ್ತೂ ಇದೆ, ಸೊಗಸಾಗಿದೆ. ಊಟ ಹಾಕಿದ ಪಡಸಾಲೆ ಇಲ್ಲ, ಪಾಠ ಹೇಳಿದ ಕೋಣೆ ಇಲ್ಲ. ದೇವರ ಮನೆ ಕಲ್ಲಿನದ್ದು, ದೇವರ ಹೆಸರಲ್ಲಿ ಆಳಿದವರ ಮನೆ ಅಲ್ಲ.

ಹಾಗಂತ ಕಲ್ಲಿದ್ದರೆ ಉಳೀತಿತ್ತು ಅಂತಲೂ ಅಲ್ಲ. ಇಂಗ್ಲೆಂಡಿನಲ್ಲಿ ಓಲ್ಡ್ ಸೇರಂ ಅಂತ ಒಂದು ಗುಡ್ಡ ಇದೆ. ಒಂದು ಕಾಲಕ್ಕೆ ಅಲ್ಲಿ ರಾಜನ ಕೋಟೆ, ಕೆಥೆಡ್ರಲ್, ಬಿಷಪ್ಪನ ಅರಮನೆ ಎಲ್ಲ ಇತ್ತು, ಎಲ್ಲವೂ ಕಲ್ಲಿನದ್ದು. 1220ರಲ್ಲಿ ಕೆಳಗಿನ ಬಯಲಿನಲ್ಲಿ ಸಾಲ್ಸ್‌ಬರಿಯ ಹೊಸ ಕೆಥೆಡ್ರಲ್ ಶುರುವಾಯ್ತು. 1331ರಲ್ಲಿ ರಾಜನೇ ಹಳೇ ಕಟ್ಟಡದ ಕಲ್ಲುಗಳನ್ನ ಹೊಸ ಜಾಗದ ಗೋಡೆಗೆ ಒಯ್ಯಲು ಅನುಮತಿ ಕೊಟ್ಟ. ಊರು ಖಾಲಿಯಾಯ್ತು. ತಮಾಷೆ ಏನಂದರೆ, ವಾಸಕ್ಕೆ ಜನವೇ ಇಲ್ಲದ ಆ ಗುಡ್ಡ 1832ರವರೆಗೂ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರನ್ನ ಕಳಿಸ್ತಾ ಇತ್ತು! ಕಟ್ಟಡ ಹೋದರೂ ಕಾಗದದಲ್ಲಿ ಊರು ಬದುಕಿತ್ತು. ಮತ ಇದ್ದದ್ದು ಜಮೀನಿನ ಮೇಲೆ, ಜಮೀನು ದೊಡ್ಡವರ ಕೈಯಲ್ಲಿ. ಇವತ್ತು ಅಲ್ಲಿ ಹುಲ್ಲಿನ ಮೇಲೆ ಅಡಿಪಾಯದ ಗೆರೆಗಳು ಕಾಣುತ್ತವೆ, ಮಣ್ಣಿನ ಏರಿಗಳು ಹಾಗೇ ಇವೆ, ಜನ ಹೋಗಿ ನೋಡುತ್ತಾರೆ.

ಕಾಗದ ಇದ್ದವನು ಉಳಿದ

ನಮ್ಮ ಗುಡಿಗಳು ಉಳಿದದ್ದರಲ್ಲಿ ಕಲ್ಲಿನ ಪಾಲು ಅರ್ಧ, ಇನ್ನರ್ಧ ಕಾಗದದ್ದು. ಶಾಸನಗಳನ್ನ ನಾವು ಸಾಹಿತ್ಯ, ಲಿಪಿ, ಹೆಮ್ಮೆ ಅಂತೆಲ್ಲ ಓದ್ತೀವಿ. ಬಹುಪಾಲು ಶಾಸನಗಳು ನಿಜಕ್ಕೂ ಜಮೀನಿನ ಪತ್ರಗಳು: ಇಂಥ ಗದ್ದೆ ಇಂಥ ದೇವರಿಗೆ, ಗಡಿ ಇಲ್ಲಿಂದ ಅಲ್ಲಿಗೆ, ಅಳಿಸಿದವನಿಗೆ ಪಾಪ. ಗುಡಿಯ ಗೋಡೆಯೇ ಊರಿನ ಸಬ್ ರಿಜಿಸ್ಟ್ರಾರ್ ಆಫೀಸ್. ಅರ್ಚಕರು, ದಾನಿಗಳು, ಒಕ್ಕಲುಗಳು ಎಲ್ಲರ ಹಕ್ಕೂ ಆ ಗೋಡೆಯ ಮೇಲಿದೆ. ತನ್ನ ಆಸ್ತಿ ಪತ್ರವನ್ನ ಯಾರು ತಾನೇ ಒಡೀತಾರೆ? ಗಂಗರು ಹೋಗಿ 1004ರ ಹೊತ್ತಿಗೆ ಚೋಳರು ಬಂದರು, 1116ರಲ್ಲಿ ಹೊಯ್ಸಳ ವಿಷ್ಣುವರ್ಧನ ತಲಕಾಡು ಗೆದ್ದ. ಪ್ರತಿ ಹೊಸ ಅರಸನೂ ಗುಡಿಗೆ ಇನ್ನೊಂದು ದಾನ, ಇನ್ನೊಂದು ಮಂಟಪ ಸೇರಿಸಿದ. ಹಳೇ ಅರಸನ ಕೋಟೆಯನ್ನ ರಿಪೇರಿ ಮಾಡಿಸಬೇಕೋ ಒಡೆಸಬೇಕೋ ಅನ್ನೋದು ಮಾತ್ರ ಆ ದಿನದ ರಾಜಕೀಯ. ಅದಕ್ಕೇ ಮಣ್ಣಿನ ಕೋಟೆಗೆ ಒಂದೇ ವಯಸ್ಸು ಅಂತ ಇರಲ್ಲ. ತಲೆಮಾರಿಗೊಮ್ಮೆ ಅದನ್ನ ಮತ್ತೆ ಮೆತ್ತಿರುತ್ತಾರೆ.

ಯಜಮಾನ ಇಲ್ಲದ ಕೋಟೆ ಜಾಗ ಕೊನೆಗೆ ಸರ್ಕಾರದ್ದು. ಕರ್ನಾಟಕ ಭೂಕಂದಾಯ ಕಾಯಿದೆ, 1964ರ 67ನೇ ಸೆಕ್ಷನ್ ಪ್ರಕಾರ ಯಾರ ಖಾಸಗಿ ಸ್ವತ್ತೂ ಅಲ್ಲದ ಜಮೀನು ರಾಜ್ಯ ಸರ್ಕಾರಕ್ಕೆ ಸೇರಿದ್ದು. ಕೇಳೋಕೆ ಒಳ್ಳೇದೇ. ಆದರೆ ಊರಿನ ನಡುವೆ ಇರೋ ಖಾಲಿ ಸರ್ಕಾರಿ ಜಾಗ ಅಂದರೆ ಏನು ಅಂತ ನಮಗೆಲ್ಲ ಗೊತ್ತು. ಬಸ್ ಸ್ಟ್ಯಾಂಡ್ ಬೇಕೆ? ಅಲ್ಲಿದೆ ಜಾಗ. ಆಸ್ಪತ್ರೆ ಬೇಕೆ? ಅಲ್ಲಿದೆ.

ನಗರದ ಮಧ್ಯದ ಬೆಂಗಳೂರು ಕೋಟೆಗೆ ಆಗಿದ್ದು ಇದೇ. ಕೆಂಪೇಗೌಡರು 1537ರಲ್ಲಿ ಕಟ್ಟಿಸಿದ್ದು ಮಣ್ಣಿನ ಕೋಟೆ. 1761ರ ಹೊತ್ತಿಗೆ ಹೈದರಾಲಿ ದಕ್ಷಿಣದ ಕೋಟೆಯನ್ನ ಕಲ್ಲಿನಲ್ಲಿ ಕಟ್ಟಿಸಿದ. ಒಳಗೆ ತೇಗದ ಕಂಬಗಳ ಟಿಪ್ಪು ಅರಮನೆ. 1791ರ ಮಾರ್ಚ್ 21ರ ರಾತ್ರಿ ಕಾರ್ನ್‌ವಾಲಿಸ್‌ನ ಸೈನ್ಯ ನುಗ್ಗಿತು. ಕೋಟೆಯನ್ನ ಯುದ್ಧ ಮುಗಿಸಿತು ಅಂತ ನಾನು ಬಹಳ ದಿನ ನಂಬಿದ್ದೆ. ಮುಗಿಸಿದ್ದು ಯುದ್ಧ ಅಲ್ಲ, ಶಾಂತಿ. ನಂತರದ ವರ್ಷಗಳಲ್ಲಿ ರಸ್ತೆಗೆ ಒಂದಿಷ್ಟು ಗೋಡೆ, ಶಾಲೆಗೆ ಒಂದಿಷ್ಟು, ಆಸ್ಪತ್ರೆ, ಕಾಲೇಜು, ಬಸ್ ನಿಲ್ದಾಣಕ್ಕೆ ಒಂದಿಷ್ಟು. ಒಂದೊಂದೂ ಒಳ್ಳೇ ಕಾರಣವೇ. 1900ರಲ್ಲಿ ಶುರುವಾದ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಬದುಕಿಕೊಂಡವರ ಮನೆಯವರಿಗೆ ಕೋಟೆ ಗೋಡೆ ಹೋಯ್ತು ಅಂತ ಯಾವ ಮುಖ ಇಟ್ಕೊಂಡು ದೂರೋದು? ಇವತ್ತು ಮಾರ್ಕೆಟ್ ಹತ್ತಿರ ದೆಹಲಿ ಬಾಗಿಲಿನ ಸುತ್ತ ಒಂದು ತುಣುಕು, ಅರಮನೆಯ ಒಂದು ಭಾಗ ಉಳಿದಿವೆ. 2012ರಲ್ಲಿ ಅಲ್ಲೇ ಮೆಟ್ರೊಗೆ ಅಗೆಯುವಾಗ ಹಳೇ ಫಿರಂಗಿಗಳು ಎದ್ದವು. ಇತ್ತ 2022ರಲ್ಲಿ ವಿಮಾನ ನಿಲ್ದಾಣದ ಹತ್ತಿರ ಕೆಂಪೇಗೌಡರ 108 ಅಡಿ ಪ್ರತಿಮೆ ನಿಂತಿತು. ಅವರು ಕಟ್ಟಿಸಿದ ಮಣ್ಣಿನ ಗೋಡೆ ಎಲ್ಲಿತ್ತು ಅಂತ ನೆಲದ ಮೇಲೆ ಒಂದು ಗೆರೆ ಎಳೆಯೋದು ಅದಕ್ಕಿಂತ ಅಗ್ಗದ ಕೆಲಸ. ಆದರೆ ಗೆರೆಗೆ ಹಾರ ಹಾಕೋಕೆ ಬರಲ್ಲವಲ್ಲ.

ಕಾನೂನಲ್ಲಿ 'ಜಾಗ'ಕ್ಕೂ ಜಾಗ ಇದೆ

ಬೇಗೂರಿನಂಥ ಕಡೆ ಸಾಮಾನ್ಯವಾಗಿ ಕೇಳಿಬರೋ ವಾದ: "ಅಲ್ಲಿ ಏನಿದೆ ಉಳಿಸೋಕೆ? ಬರೀ ಮಣ್ಣು." ಕಾನೂನು ಹಾಗೆ ಹೇಳಲ್ಲ. 1958ರ ಕೇಂದ್ರ ಕಾಯಿದೆಯಲ್ಲಿ ಸ್ಮಾರಕ ಬೇರೆ, ಪುರಾತತ್ವ ನಿವೇಶನ ಬೇರೆ. ನೂರು ವರ್ಷಕ್ಕಿಂತ ಹಳೇ ಅವಶೇಷ ಇದೆ ಅಂತ ನಂಬಲು ಕಾರಣ ಇರೋ ಯಾವ ನೆಲವೂ ಈ ಎರಡನೇ ಪಟ್ಟಿಗೆ ಬರಬಹುದು. ಮೇಲೆ ಕಟ್ಟಡ ಕಾಣಲೇಬೇಕು ಅಂತಿಲ್ಲ. ರಾಜ್ಯಕ್ಕೂ ತನ್ನದೇ ಕಾಯಿದೆ ಇದೆ, 1961ರದ್ದು. ಸಿಕ್ಕು ಇರೋದು ಇನ್ನೊಂದು ಕಡೆ: ರಕ್ಷಣೆ ತಾನಾಗಿ ಸಿಗಲ್ಲ, ಸರ್ಕಾರ ಅಧಿಸೂಚನೆ ಹೊರಡಿಸಬೇಕು. 2010ರ ತಿದ್ದುಪಡಿ ತಂದ 100 ಮೀಟರ್ ನಿಷೇಧ, ಅದರಾಚೆ 200 ಮೀಟರ್ ನಿಯಂತ್ರಣ ಕೂಡ ಕೇಂದ್ರದ ಪಟ್ಟಿಯಲ್ಲಿರೋ ಸ್ಮಾರಕಗಳಿಗಷ್ಟೇ. ಪಟ್ಟಿಗೆ ಸೇರಿಸೋಕೆ ಯಾರಾದರೂ ಕೇಳಬೇಕು. ಗುಡಿಗೆ ಕೇಳೋರು ಭಕ್ತರಿದ್ದಾರೆ. ಮಣ್ಣಿನ ದಿಬ್ಬಕ್ಕೆ?

ಕೇಳಿದರೆ ಆಗುತ್ತೆ ಅನ್ನೋದಕ್ಕೆ ಹೆಬ್ಬಾಳವೇ ಇದೆ. ಸುಮಾರು 750ರ ಕಿತ್ತಯ್ಯನ ಶಾಸನದ ಕಲ್ಲು 2018ರಲ್ಲಿ ಮತ್ತೆ ಬೆಳಕಿಗೆ ಬಂತು. ಆಸಕ್ತರು, ಅಕ್ಕಪಕ್ಕದವರು ಸೇರಿ ಅದಕ್ಕೆ ಮಂಟಪ ಕಟ್ಟಿದರು. ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರಿನ ಶಾಸನಗಳನ್ನ 3ಡಿ ಸ್ಕ್ಯಾನ್ ಮಾಡ್ತಾ ಬಂದಿದೆ. ಕಲ್ಲಾದರೆ ಎತ್ತಿ ಮಂಟಪದಲ್ಲಿ ಇಡಬಹುದು. ಕೋಟೆಯ ಗೆರೆಯನ್ನ ಎತ್ತಿ ಇಡೋಕೆ ಆಗಲ್ಲ, ಅದು ಇದ್ದಲ್ಲೇ ಉಳಿಯಬೇಕು. ಅದಕ್ಕೆ ಮೊದಲ ಕೆಲಸ ಬರೀ ದಾಖಲೆ: ಸರ್ವೆ ಇಲಾಖೆಯ ವೆಬ್‌ಸೈಟಿನಿಂದ ಗ್ರಾಮ ನಕ್ಷೆ ಇಳಿಸಿಕೊಂಡು, ಹಳೇ ಊರಿನ ಸುತ್ತ ರಸ್ತೆಯೋ ಸರ್ವೆ ಗಡಿಯೋ ದುಂಡಗೆ ಬಾಗಿರೋ ಕಡೆ ಗುರುತು ಹಾಕೋದು. ಆಮೇಲೆ ಆ ಸರ್ವೆ ನಂಬರಿನ ಪಹಣಿಯಲ್ಲಿ ಖರಾಬು ಕಾಲಂ ನೋಡೋದು. 'ಬಿ' ಖರಾಬು ಅಂದರೆ ಸಾರ್ವಜನಿಕ ಉದ್ದೇಶಕ್ಕೆ ಬಿಟ್ಟ ಜಾಗ, ಅದನ್ನ ಯಾರೂ ತಮ್ಮ ಸೈಟಿಗೆ ಸೇರಿಸಿಕೊಳ್ಳುವಂತಿಲ್ಲ.

ಇತಿಹಾಸದಲ್ಲಿ ಆಸಕ್ತಿ ಇಲ್ಲದವರಿಗೂ ಇದರಲ್ಲಿ ಒಂದು ಸ್ವಾರ್ಥ ಇದೆ. ತುಂಬಿದ ಕಂದಕದ ಮಣ್ಣು ಅಕ್ಕಪಕ್ಕದ ಗಟ್ಟಿ ನೆಲದಷ್ಟು ಬಿಗಿಯಾಗಿರಲ್ಲ. ಮನೆಯ ಅರ್ಧ ಗಟ್ಟಿ ನೆಲದ ಮೇಲೆ, ಅರ್ಧ ಹಳೇ ಕಂದಕದ ಮೇಲೆ ಬಂದರೆ ಒಂದು ಕಡೆ ಮಾತ್ರ ಕುಸಿಯುತ್ತೆ, ಗೋಡೆಯಲ್ಲಿ ಓರೆಯಾಗಿ ಬಿರುಕು ಏಳುತ್ತೆ. ಹಳೇ ಊರುಗಳ ಪಕ್ಕ ಸೈಟ್ ನೋಡೋಕೆ ಹೋಗುವವರು ದೊಡ್ಡ ಮಳೆಯ ಮಾರನೇ ದಿನ ಹೋಗಿ. ನೀರು ಉದ್ದಕ್ಕೆ, ಬಾಗಿದ ಗೆರೆಯ ಹಾಗೆ ನಿಂತಿದ್ದರೆ ಅಡ್ವಾನ್ಸ್ ಕೊಡೋ ಮೊದಲು ಊರಿನ ವಯಸ್ಸಾದವರೊಬ್ಬರನ್ನ ಕೇಳಿ, ಇಲ್ಲಿ ಮೊದಲು ಏನಿತ್ತು ಅಂತ.